ಶಾಲೆ ಬಿಟ್ಟ ಮೇಲಿನ ಒಂದು ಗಂಟೆ: ಮಕ್ಕಳ ಆಟಕ್ಕೆ, ಆಹಾರ ಶಿಕ್ಷಣಕ್ಕೆ ಹಣ ಎಲ್ಲಿಂದ?



ಸಸಿಮಡಿಗೆ ಯಾವ ದಿನ ನೀರು ಕಟ್ಟಬೇಕು, ಯಾವ ದಿನ ಗೊಬ್ಬರ ಕೊಡಬೇಕು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಿಯಲ್ಲಿಯೇ ಸೊರಗಿದ ಸಸಿಯನ್ನು ನಾಟಿ ಮಾಡಿದರೆ ಆಮೇಲೆ ಎಷ್ಟು ಮೇಲುಗೊಬ್ಬರ ಸುರಿದರೂ ಅದು ತಕ್ಕಷ್ಟು ತೆಂಡೆ ಹೊಡೆಯುವುದಿಲ್ಲ. ಇದು ನಿಮ್ಮ ಅನುಭವಕ್ಕೆ ಬಂದ ಮಾತು. ಪ್ರತಿ ಮನೆಯಲ್ಲಿಯೂ ಇನ್ನೊಂದು ಸಸಿಮಡಿ ಇದೆ. ಅದೇ ನಮ್ಮ ಮಕ್ಕಳು. ಈ ಮಡಿಗೆ ಸಾಯಂಕಾಲ 4 ಗಂಟೆಯ ಮೇಲೆ ಏನು ಸಿಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ?

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಊರಿನ ಬೀದಿಯಲ್ಲಿ ನಿಂತು ನೋಡಿ. ತಂದೆ ತಾಯಿ ಇಬ್ಬರೂ ಹೊಲದಲ್ಲಿ ಇರುತ್ತಾರೆ. ಮನೆಗೆ ಬೀಗ, ಇಲ್ಲವೇ ಕಣ್ಣು ಮಂಜಾದ ಅಜ್ಜಿಯ ಕಾವಲು. ಮಗು ಚೀಲ ಎಸೆದು, 10 ರೂಪಾಯಿ ಹಿಡಿದು ಅಂಗಡಿಗೆ ಓಡುತ್ತದೆ. ಮಿರಮಿರ ಮಿಂಚುವ ಪೊಟ್ಟಣ ಹರಿದು ಉಪ್ಪು ಖಾರದ ಕುರುಕಲು ತಿನ್ನುತ್ತದೆ. ಆಮೇಲೆ ಮೊಬೈಲ್ ಹಿಡಿದು ಜಗಲಿಯ ಮೂಲೆಯಲ್ಲಿ ಕುಳಿತರೆ ದೀಪ ಹಚ್ಚುವವರೆಗೆ ಏಳುವುದಿಲ್ಲ. ಹೆಣ್ಣು ಮಗುವಾದರೆ ತಮ್ಮನನ್ನು ಎತ್ತಿಕೊಳ್ಳುವುದು, ನೀರು ತರುವುದು, ಪಾತ್ರೆ ಬೆಳಗುವುದು ಇದ್ದೇ ಇರುತ್ತದೆ. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ರಾತ್ರಿ ಊಟದವರೆಗೆ ಸುಮಾರು ಏಳು ಗಂಟೆಗಳ ಅಂತರ. ಬೆಳೆಯುವ ಮಗುವಿಗೆ ಇದು ಬಹಳ ದೊಡ್ಡ ಅಂತರ.

ಈ ಅಂತರದಲ್ಲಿ ಒಂದೇ ಒಂದು ಗಂಟೆಯನ್ನು ಊರಿನವರೇ ಕೂಡಿ ಮಕ್ಕಳಿಗಾಗಿ ಮೀಸಲಿಟ್ಟರೆ ಏನೇನು ಸಾಧಿಸಬಹುದು, ಅದಕ್ಕೆ ಬೇಕಾದ ಕಾಳು ಕಾಸನ್ನು ಹೇಗೆ ಹೊಂದಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಿಸಿಯೂಟ ಇದೆಯಲ್ಲ, ಮತ್ತೇಕೆ?

ಈ ಪ್ರಶ್ನೆಯನ್ನು ಪ್ರತಿ ಹಳ್ಳಿಯಲ್ಲಿಯೂ ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ನಮ್ಮ ರಾಜ್ಯದಲ್ಲಿ ಮಕ್ಕಳ ಆಹಾರಕ್ಕಾಗಿ ನಡೆದಿರುವ ಕೆಲಸ ಸಣ್ಣದಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹರಡಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂದಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಶಾಲೆಯಲ್ಲಿ ಕೊಡುವ ಮೊಟ್ಟೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆಯೂ ಆಯಿತು.

ಆದರೆ ಲೆಕ್ಕವನ್ನು ಸ್ವಲ್ಪ ಗಮನಿಸಿ. 1ರಿಂದ 5ನೆಯ ತರಗತಿಯ ಮಗುವಿಗೆ ಬಿಸಿಯೂಟದ ನಿಯಮದಲ್ಲಿ ಇರುವುದು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 1,700 ಕ್ಯಾಲೊರಿ, 23 ಗ್ರಾಂ ಪ್ರೋಟೀನು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಪಡಿಸಿದೆ. ಅಂದರೆ ಬಿಸಿಯೂಟ ತುಂಬುವುದು ಶಕ್ತಿಯ ಕಾಲುಭಾಗವನ್ನು. ಉಳಿದ ಮುಕ್ಕಾಲು ಭಾಗ ಮನೆಯದೇ ಹೊಣೆ. ಮನೆಯಲ್ಲಿ ಬೆಳಿಗ್ಗೆ ಅವಸರ, ರಾತ್ರಿ ಆಯಾಸ. ಸಂಜೆಯ ಹೊತ್ತಂತೂ ಯಾರ ಹೊಣೆಯೂ ಅಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಸಂಖ್ಯೆ ಹಿಂದಿನ ಸಮೀಕ್ಷೆಗಿಂತ ಅಲ್ಪ ಇಳಿದಿತ್ತು. ಆದರೆ ರಕ್ತಹೀನತೆ ಇಳಿಯಲಿಲ್ಲ. 2015-16ರಲ್ಲಿ 100 ಮಕ್ಕಳಲ್ಲಿ ಸುಮಾರು 61 ಇದ್ದದ್ದು 65ಕ್ಕೂ ಮೇಲೇರಿತು. ಇದೇ ಮಕ್ಕಳು ಇಂದು ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ರಾಗಿ, ಕಡಲೆಕಾಯಿ, ಹುರುಳಿ, ನುಗ್ಗೆ ಬೆಳೆಯುವ ನಾಡಿನಲ್ಲಿ ಹೀಗಾಗಿದೆ ಎಂಬುದು ನಾವೆಲ್ಲರೂ ತಲೆ ತಗ್ಗಿಸಬೇಕಾದ ವಿಷಯ.

ಹೊಲದ ಕೆಲಸವೇ ವ್ಯಾಯಾಮವಲ್ಲವೇ?

"ನಮ್ಮ ಮಕ್ಕಳು ದನ ಅಟ್ಟುತ್ತಾರೆ, ಹುಲ್ಲು ಹೊರುತ್ತಾರೆ, ಅವರಿಗೇಕೆ ವ್ಯಾಯಾಮ?" ಎಂದು ಹಿರಿಯರು ಕೇಳುವುದುಂಟು. ಒಂದು ತಲೆಮಾರಿನ ಹಿಂದೆ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಇಂದು ಶಾಲೆಗೆ ಆಟೊ ಅಥವಾ ವ್ಯಾನು ಬರುತ್ತದೆ, ನೀರು ಕೊಳಾಯಿಯಲ್ಲಿ ಬರುತ್ತದೆ, ಬಯಲುಗಳು ನಿವೇಶನಗಳಾಗಿವೆ, ಆಟ ಮೊಬೈಲಿನೊಳಗೆ ಸೇರಿದೆ. ಇನ್ನು ಹೊರೆ ಹೊರುವುದು ಎಳೆಯ ಬೆನ್ನಿಗೆ ಹಿತವಲ್ಲ. ಅದು ದುಡಿಮೆಯೇ ಹೊರತು ವ್ಯಾಯಾಮವಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಮೈ ಆಡಿಸಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ ಮತ್ತು ಸ್ನಾಯುಗಳನ್ನು ಗಟ್ಟಿ ಮಾಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಇದಕ್ಕೆ ಯಾವ ಯಂತ್ರೋಪಕರಣವೂ ಬೇಡ. ಖೋಖೋ, ಕಬಡ್ಡಿ, ಲಗೋರಿಯಲ್ಲಿ ಓಟವಿದೆ. ಕುಂಟೆಬಿಲ್ಲೆ ಮತ್ತು ಹಗ್ಗದಾಟದಲ್ಲಿ ಜಿಗಿತವಿದೆ. ಜಿಗಿತ ಮೂಳೆಗೆ ಬಲ ಕೊಡುತ್ತದೆ. ನಮ್ಮ ಹಿರಿಯರು ಕಾಸಿಲ್ಲದೆ ಆಡಿದ ಆಟಗಳೇ ಇಂದಿನ ವೈದ್ಯರು ಹೇಳುವ ವ್ಯಾಯಾಮ. ಬೇಕಾದದ್ದು ಒಂದು ಬಯಲು, ಒಂದು ಗೊತ್ತಾದ ಹೊತ್ತು, ನೋಡಿಕೊಳ್ಳಲು ಒಬ್ಬರು.

ಒಂದು ಗಂಟೆಯ ಕಾರ್ಯಕ್ರಮ

ಶಾಲೆಯ ಅಂಗಳವೇ ಇದಕ್ಕೆ ಒಳ್ಳೆಯ ಸ್ಥಳ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯತಕ್ಕದ್ದು. ಅನುಕೂಲವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದ ಮುಂದಿನ ಜಾಗವನ್ನು ಬಳಸಬಹುದು. ಸಮಯವನ್ನು ಹೀಗೆ ಹಂಚಿಕೊಳ್ಳಿ:

1. ಮೊದಲ 10 ನಿಮಿಷ: ಹಾಜರಿ, ಒಂದು ಲೋಟ ನೀರು, ಕೈಕಾಲು ಸಡಿಲಿಸುವ ಸರಳ ಕಸರತ್ತು.

2. ಮುಂದಿನ 30 ನಿಮಿಷ: ಆಟ. ಒಂದು ದಿನ ಓಟದ ಆಟವಾದರೆ ಮರುದಿನ ಜಿಗಿತದ ಆಟ. ಸೋತವರನ್ನು ಹೊರಗೆ ಕೂಡಿಸುವ ಆಟಗಳನ್ನು ಕಡಿಮೆ ಮಾಡಿ. ಬಲವಿಲ್ಲದ ಮಗುವೇ ಮೊದಲು ಸೋಲುತ್ತದೆ, ಅದೇ ಹೆಚ್ಚು ಹೊತ್ತು ಕೂರುತ್ತದೆ. ಆಡಬೇಕಾದದ್ದು ಅದೇ ಮಗು. ಚಿನ್ನಿದಾಂಡು ಆಡುವಾಗ ಕಣ್ಣಿಗೆ ಪೆಟ್ಟಾಗದಂತೆ ಚಿಕ್ಕವರನ್ನು ದೂರ ನಿಲ್ಲಿಸಬೇಕು.

3. ಆಮೇಲೆ 5 ನಿಮಿಷ: ಸಾಬೂನು ಹಚ್ಚಿ ಕೈ ತೊಳೆಯುವುದು. ಈ ನೀರು ಹರಿದು ತೋಟದ ಮಡಿಗೆ ಹೋಗುವಂತೆ ಕಾಲುವೆ ತೆಗೆಯಿರಿ.

4. ಕೊನೆಯ 15 ನಿಮಿಷ: ತಿಂಡಿ, ಅದರ ಜೊತೆಗೇ ಆಹಾರದ ಪಾಠ.

ಆಹಾರದ ಪಾಠವೆಂದರೆ ಭಾಷಣವಲ್ಲ. ಅಂದು ತಿನ್ನುವ ವಸ್ತುವೇ ಅಂದಿನ ಪಾಠ. ಕಡಲೆಕಾಯಿ ಕೊಟ್ಟ ದಿನ ಅದು ಯಾರ ಹೊಲದ್ದು, ಎಷ್ಟು ದಿನಕ್ಕೆ ಬಂತು, ಅದರಲ್ಲೇನಿದೆ ಎಂದು ಕೇಳಿ. ಧಾನ್ಯ, ಬೇಳೆಕಾಳು, ಸೊಪ್ಪು ತರಕಾರಿ ಹಣ್ಣು ಎಂದು ಮೂರು ರಾಶಿ ಮಾಡಿಸಿ, ನಿನ್ನೆ ರಾತ್ರಿ ಉಂಡದ್ದು ಯಾವ ಯಾವ ರಾಶಿಯಿಂದ ಬಂತು ಎಂದು ಪ್ರತಿ ಮಗುವೂ ಹೇಳಲಿ. ಒಂದೇ ರಾಶಿಯ ಊಟ ಉಂಡ ಮಗುವನ್ನು ಹಾಸ್ಯ ಮಾಡಕೂಡದು. "ನಾಳೆ ಇನ್ನೊಂದು ರಾಶಿ ಸೇರಿಸಲು ನಿನ್ನ ಹಿತ್ತಲಲ್ಲಿ ಏನಿದೆ?" ಎಂದು ಕೇಳಿದರೆ ಸಾಕು. ನುಗ್ಗೆ ಮರ ಇಲ್ಲದ ಹಿತ್ತಲು ಕಡಿಮೆ, ನುಗ್ಗೆ ಸೊಪ್ಪು ತಿನ್ನದ ಮನೆಗಳು ಬಹಳ.

ಈ ಕೆಲವು ವಿಷಯಗಳನ್ನು ಮಕ್ಕಳು ಬಾಯಿಪಾಠದಂತೆ ತಿಳಿದಿರಬೇಕು: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದು ಬಹಳ ಕಡಿಮೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಸತ್ವ ಮೈಗೆ ಹತ್ತುವುದು ಸುಲಭ. ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆಹಣ್ಣಿನ ಹುಳಿ ಸೇರಿದರೆ ಸೊಪ್ಪು ಕಾಳಿನ ಕಬ್ಬಿಣದ ಅಂಶ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ.

ಒಂದು ಗುಂಟೆ ಜಾಗ ಸಿಕ್ಕಿದರೆ ಪೌಷ್ಟಿಕ ತೋಟಕ್ಕೆ ಧಾರಾಳವಾಯಿತು. ಮೂಲೆಗಳಿಗೆ ನುಗ್ಗೆ, ಪರಂಗಿ, ಕರಿಬೇವು. ನಡುವೆ ಹರಿವೆ, ಮೆಂತ್ಯ, ಪಾಲಕ್ ಸೊಪ್ಪಿನ ಮಡಿಗಳು. ಬೇಲಿಗೆ ಬಸಳೆ, ಅವರೆ. ಈ ತೋಟಕ್ಕೆ ಕೀಟನಾಶಕ ಸಿಂಪಡಿಸಬಾರದು. ಔಷಧದ ಖಾಲಿ ಡಬ್ಬಿಗಳನ್ನು ತೊಳೆದು ನೀರಿಗೋ ಕಾಳಿಗೋ ಬಳಸುವ ಅಭ್ಯಾಸ ಕೆಲವರಲ್ಲಿದೆ. ಎಷ್ಟು ತೊಳೆದರೂ ಅದು ವಿಷದ ಡಬ್ಬಿಯೇ. ಮಕ್ಕಳಿರುವ ಕಡೆ ಅದು ಸುಳಿಯಲೂ ಕೂಡದು.

ಕಾಳಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. 30 ಮಕ್ಕಳು, ವಾರಕ್ಕೆ 5 ದಿನದಂತೆ ವರ್ಷಕ್ಕೆ 40 ವಾರ, ಅಂದರೆ 200 ಸಂಜೆಗಳು ಎಂದು ಇಟ್ಟುಕೊಳ್ಳಿ. ತಿಂಡಿ ಹೀಗಿರಲಿ: ಎರಡು ದಿನ ಹಾಲು ಬೆಲ್ಲ ಹಾಕಿದ ರಾಗಿ ಗಂಜಿ, ಒಂದು ದಿನ ಹುರಿದ ಕಡಲೆಕಾಯಿ ಬೆಲ್ಲ, ಒಂದು ದಿನ ನಿಂಬೆರಸ ಹಿಂಡಿದ ಹುರುಳಿ ಅಥವಾ ಅಲಸಂದೆ ಉಸಲಿ, ಒಂದು ದಿನ ಬಾಳೆಹಣ್ಣು ಅಥವಾ ಆ ಕಾಲದ ಹಣ್ಣು.

ಒಂದು ವರ್ಷಕ್ಕೆ ಬೇಕಾಗುವ ಪ್ರಮಾಣ:

ರಾಗಿ ಹಿಟ್ಟು, ಮಗುವಿಗೆ 25 ಗ್ರಾಂನಂತೆ 80 ದಿನಕ್ಕೆ: 60 ಕಿಲೊ.

ಹಾಲು, ಮಗುವಿಗೆ 50 ಮಿಲಿಲೀಟರ್‌ನಂತೆ 80 ದಿನಕ್ಕೆ: 120 ಲೀಟರ್.

ಕಡಲೆಕಾಯಿ ಬೀಜ, 25 ಗ್ರಾಂನಂತೆ 40 ದಿನಕ್ಕೆ: 30 ಕಿಲೊ.

ಹುರುಳಿ ಅಥವಾ ಅಲಸಂದೆ, 30 ಗ್ರಾಂನಂತೆ 40 ದಿನಕ್ಕೆ: 36 ಕಿಲೊ.

ಬೆಲ್ಲ, 10 ಗ್ರಾಂನಂತೆ 120 ದಿನಕ್ಕೆ: 36 ಕಿಲೊ.

ಹಣ್ಣು, ಒಂದರಂತೆ 40 ದಿನಕ್ಕೆ: 1,200.

ಒಟ್ಟು ನೋಡಿದರೆ ದೊಡ್ಡದೆನಿಸುತ್ತದೆ. 30 ಮನೆಗೆ ಹಂಚಿ ನೋಡಿ. ಒಂದು ಮನೆಗೆ ವರ್ಷಕ್ಕೆ 2 ಕಿಲೊ ರಾಗಿ, 4 ಲೀಟರ್ ಹಾಲು, 1 ಕಿಲೊ ಕಡಲೆಕಾಯಿ ಬೀಜ, ಹುರುಳಿ ಮತ್ತು ಬೆಲ್ಲ ಒಂದೂಕಾಲು ಕಿಲೊದೊಳಗೆ, 40 ಹಣ್ಣು. ಎಲ್ಲ ಮನೆಯವರೂ ಜಮೀನುಳ್ಳವರಲ್ಲ. 20 ಮನೆಗಳೇ ಕೊಡುವುದಾದರೂ ಪಾಲು ಒಂದೂವರೆಪಟ್ಟಾಗುತ್ತದೆ, ಅಷ್ಟೆ: 3 ಕಿಲೊ ರಾಗಿ, ಒಂದೂವರೆ ಕಿಲೊ ಕಡಲೆಕಾಯಿ ಬೀಜ, ಹೀಗೆ. ಕಣದಲ್ಲಿ ಗುಬ್ಬಿ, ಇಲಿ ತಿನ್ನುವುದಕ್ಕಿಂತ ಇದು ಹೆಚ್ಚಲ್ಲ. ಎಲ್ಲರೂ ಎಲ್ಲವನ್ನೂ ಕೊಡಬೇಕೆಂದೂ ಇಲ್ಲ. ರಾಗಿ ಬೆಳೆದವರು ರಾಗಿ ಕೊಡಲಿ, ಬಾಳೆ ಬೆಳೆದವರು ಗೊನೆ ಕೊಡಲಿ, ಆಲೆಮನೆಯವರು ಬೆಲ್ಲ ಕೊಡಲಿ. ಸುಗ್ಗಿಯಲ್ಲಿಯೇ, ಕಣದಿಂದಲೇ ಎತ್ತಿಡುವುದು ಒಳ್ಳೆಯದು. ಮನೆಯೊಳಗೆ ಹೋದ ಕಾಳು ಹೊರಗೆ ಬರುವುದು ಕಷ್ಟ.

ಇದರಿಂದ ಮಗುವಿಗೆ ಏನು ದೊರೆಯುತ್ತದೆ? 25 ಗ್ರಾಂ ಕಡಲೆಕಾಯಿಯಿಂದ ಸುಮಾರು 6 ಗ್ರಾಂ ಪ್ರೋಟೀನು. ಹಾಲು ಸೇರಿದ ರಾಗಿ ಗಂಜಿಯಿಂದ ಸುಮಾರು 150 ಮಿಲಿಗ್ರಾಂ ಸುಣ್ಣದಂಶ. ಇದು 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದ 650 ಮಿಲಿಗ್ರಾಂನಲ್ಲಿ ಸುಮಾರು ಕಾಲುಭಾಗ.

ಕಡಲೆಕಾಯಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಬೀಜಗಳನ್ನು ಆರಿಸಿ ಎಸೆಯಬೇಕು, ಚೆನ್ನಾಗಿ ಒಣಗಿದ ಕಾಯಿಯನ್ನೇ ಶೇಖರಿಸಬೇಕು. ಎರಡನೆಯದಾಗಿ, ಅಕ್ಕನ ಸೊಂಟವೇರಿ ಬರುವ ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಪುಡಿ ಮಾಡಿ ಕೊಡಿ. ಕಡಲೆಕಾಯಿ ತಿಂದು ಯಾವ ಮಗುವಿಗಾದರೂ ಮೈ ದದ್ದೆದ್ದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಮತ್ತೆ ಕೊಡಬೇಡಿ.

ಕಾಸಿನ ಲೆಕ್ಕ

ಕಾಳು ಮನೆಯಿಂದ ಬಂದರೂ ಕಾಸು ಬೇಕಾಗುವ ಮೂರು ಬಾಬುಗಳಿವೆ. ಮಕ್ಕಳನ್ನು ನೋಡಿಕೊಂಡು ತಿಂಡಿ ಮಾಡುವ ಒಬ್ಬ ಮಹಿಳೆಗೆ ಸಂಜೆಗೆ 100 ರೂಪಾಯಿಯಂತೆ 200 ಸಂಜೆಗೆ 20,000. ಉರುವಲು ಅಥವಾ ಗ್ಯಾಸಿಗೆ 3,000. ಚೆಂಡು, ಹಗ್ಗ, ಲೋಟ, ಸಾಬೂನಿಗೆ 3,000. ಒಟ್ಟು 26,000 ರೂಪಾಯಿ. ಇವು ಲೆಕ್ಕಕ್ಕಾಗಿ ಹಿಡಿದ ದರಗಳು, ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ. ಈ ಮಹಿಳೆಯ ಸಂಭಾವನೆಯನ್ನು ಮಾತ್ರ ಕಡಿತ ಮಾಡಬೇಡಿ. ಪುಕ್ಕಟೆ ಕೆಲಸ ಮೂರು ತಿಂಗಳು ನಡೆಯುತ್ತದೆ, ನಾಲ್ಕನೆಯ ತಿಂಗಳು ಕಳೆ ಕೀಳುವ ಕೂಲಿ ಬಂದರೆ ನಿಂತುಹೋಗುತ್ತದೆ. ಅದು ಆಕೆಯ ತಪ್ಪಲ್ಲ.

ಇಷ್ಟು ಹಣ ಎಲ್ಲಿಂದ ಬರಬೇಕು ಎನ್ನುವಿರಾ? 30 ಮಕ್ಕಳು ಅದೇ 200 ಸಂಜೆಗಳಲ್ಲಿ 10 ರೂಪಾಯಿಯ ಒಂದೊಂದು ಪೊಟ್ಟಣ ತಿಂದರೆ 60,000 ರೂಪಾಯಿ. ಊರಿನ ಹಣ ಊರು ಬಿಟ್ಟು ಹೋಗುತ್ತಿರುವುದು ಹೀಗೆ. ಅದರ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ನಾನು ಹೇಳಿದ ಕಾರ್ಯಕ್ರಮ ನಡೆಯುತ್ತದೆ. ಹಾಗಿದ್ದರೂ ಹಣವನ್ನು ಒಂದೇ ಕಡೆಯಿಂದ ತರುವುದು ಜಾಣತನವಲ್ಲ. ಒಂದೇ ಬಾವಿಯನ್ನು ನಂಬಿದ ತೋಟ ಬರ ಬಂದಾಗ ಒಣಗುತ್ತದೆ. ಈ ಮೂಲಗಳನ್ನು ವಿಚಾರಿಸಿ:

ಗ್ರಾಮ ಪಂಚಾಯಿತಿ: ಪಂಚಾಯಿತಿಗೆ ತನ್ನದೇ ಆದ ತೆರಿಗೆ ವರಮಾನವಿದೆ. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಕೆಲಸವಾಗದು. ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ವಾರ್ಷಿಕ ಯೋಜನೆಯಲ್ಲಿ ಸೇರಿಸಬೇಕು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಿದರೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ.

ಶಾಲಾಭಿವೃದ್ಧಿ ಸಮಿತಿ: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಿಗಳೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಅಧಿಕಾರ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿ ಗೊತ್ತುಪಡಿಸಲಾಗಿತ್ತು. ನಿಮ್ಮ ಶಾಲೆಗೆ ಈ ವರ್ಷ ಎಷ್ಟು ಬಂದಿದೆ, ಚೆಂಡು ಹಗ್ಗ ಬೀರುವಿನಲ್ಲಿವೆಯೋ ಮಕ್ಕಳ ಕೈಯಲ್ಲಿವೆಯೋ ಎಂದು ಸಮಿತಿಯ ಸದಸ್ಯರು ವಿನಯದಿಂದ ಕೇಳಬಹುದು.

ಹಾಲು ಉತ್ಪಾದಕರ ಸಂಘ: ಉಪವಿಧಿ ಅವಕಾಶ ಕೊಟ್ಟಷ್ಟರಲ್ಲಿ, ಸರ್ವಸದಸ್ಯರ ಸಭೆಯ ಒಪ್ಪಿಗೆ ಪಡೆದು, ಲಾಭದ ಒಂದು ಚಿಕ್ಕ ಪಾಲನ್ನು ಇದಕ್ಕೆ ಕೊಡಬಹುದು. ಹಣ ಬೇಡವಾದರೆ ಹಾಲನ್ನೇ ಕೊಡಲಿ.

ಜಾತ್ರೆ, ಉತ್ಸವ ಸಮಿತಿ ಮತ್ತು ಊರು ಬಿಟ್ಟು ದುಡಿಯುವವರು: ನಗರ ಸೇರಿದ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಊರಿಗೆ ಬಂದಾಗ ಲೆಕ್ಕದ ಪುಸ್ತಕ ತೋರಿಸಿ ಕೇಳಿ.

ಕಂಪನಿಗಳು: 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅಪೌಷ್ಟಿಕತೆ ನಿವಾರಣೆ, ಶಿಕ್ಷಣ, ಗ್ರಾಮೀಣ ಕ್ರೀಡೆ ಮೂರೂ ಆ ಪಟ್ಟಿಯಲ್ಲಿವೆ. ಆದರೆ ಇಂಥ ಹಣ ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಗಳ ಮೂಲಕ ಬರುತ್ತದೆ, ಒಂದೆರಡು ವರ್ಷಕ್ಕೆ ನಿಲ್ಲಲೂಬಹುದು. ಆದ್ದರಿಂದ ಅದನ್ನು ಅಂಗಳ ಸಮತಟ್ಟು ಮಾಡಲು, ನೀರಿನ ತೊಟ್ಟಿ ಕಟ್ಟಲು ಬಳಸಿ. ದಿನದ ತಿಂಡಿಗೆ ನಂಬಿ ಕೂರಬೇಡಿ.

ಉದಾಹರಣೆಗೆ, ಪಂಚಾಯಿತಿಯಿಂದ 14,000, ಹಾಲಿನ ಸಂಘದಿಂದ 5,000, ಕ್ರೀಡಾ ಅನುದಾನದಿಂದ ಸಾಮಗ್ರಿಗೆ 3,000, ಉತ್ಸವ ಸಮಿತಿ ಮತ್ತು ಹಳೆಯ ವಿದ್ಯಾರ್ಥಿಗಳಿಂದ 4,000. ಒಟ್ಟು 26,000. ಹನಿ ಹನಿ ಕೂಡಿದರೆ ಹಳ್ಳ.

ನನ್ನ ಕಡೆಯಿಂದಾದ ಒಂದು ತಪ್ಪು

ಇದನ್ನು ಹೇಳದೆ ಲೇಖನ ಮುಗಿಸಿದರೆ ನನಗೆ ಸಮಾಧಾನವಿಲ್ಲ. ಕೆಲವು ವರ್ಷಗಳ ಹಿಂದೆ ನಾನು ವಿಸ್ತರಣಾ ಕೆಲಸಕ್ಕೆಂದು ಹೋಗುತ್ತಿದ್ದ ಒಂದು ಹಳ್ಳಿಯಲ್ಲಿ ಇಂಥದೇ ಸಂಜೆಯ ಕಾರ್ಯಕ್ರಮವನ್ನು ಊರಿನವರು ಆರಂಭಿಸಿದರು. ಕಾಳು ಚೆನ್ನಾಗಿಯೇ ಬಂತು. ಕೊಟ್ಟವರಿಗೆ ಗೌರವವಾಗಲಿ, ಕೊಡದವರಿಗೂ ಹುರುಪು ಬರಲಿ ಎಂದು ನಾನೊಂದು ಸಲಹೆ ಕೊಟ್ಟೆ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ ಎಂದೆ. ಹಾಗೆಯೇ ಅಂಟಿಸಿದರು. ನೋಡಲು ಅಂದವಾಗಿತ್ತು. ನಾನು ಮೆಚ್ಚಿಕೊಂಡೆ.

ಒಂದು ತಿಂಗಳ ಮೇಲೆ ಹೋದಾಗ ಹಾಜರಿಯಲ್ಲಿ ನಾಲ್ಕು ಮಕ್ಕಳು ಕಡಿಮೆ. ನಾಲ್ವರೂ ಕೂಲಿಯವರ ಮಕ್ಕಳು. ಕಾಯಿಲೆಯೇ ಎಂದು ವಿಚಾರಿಸಿದೆ. ಯಾರೂ ಉತ್ತರ ಹೇಳಲಿಲ್ಲ. ಕೊನೆಗೆ ತಿಂಡಿ ಮಾಡುವ ಹೆಂಗಸು ಪಾತ್ರೆ ತೊಳೆಯುತ್ತಲೇ ಹೇಳಿದಳು: "ಮೂರನೇ ಕ್ಲಾಸಿನ ಮಕ್ಕಳಿಗೆ ಓದೋಕೆ ಬರುತ್ತೆ. ಗೋಡೆ ಮೇಲೆ ಅಪ್ಪನ ಹೆಸರಿಲ್ಲದ್ದನ್ನ ಅವೇ ಓದಿಕೊಂಡವು."

ಅಕ್ಷರ ಕಲಿಸಿದ ಶಾಲೆಯ ಗೋಡೆಯ ಮೇಲೆಯೇ ನಾನು ಅವರಿಗೆ ಇಂಥ ಪಾಠ ಬರೆಸಿದ್ದೆ. ಅಂದೇ ಪಟ್ಟಿಯನ್ನು ತೆಗೆಸಿದೆವು. ಆಮೇಲೆ ಊರಿನ ಹಿರಿಯರೇ ಒಂದು ದಾರಿ ಹುಡುಕಿದರು. ಮುಚ್ಚಳವಿರುವ ಒಂದು ದೊಡ್ಡ ಡ್ರಮ್ಮನ್ನು ಶಾಲೆಯ ಕೋಣೆಯಲ್ಲಿಟ್ಟು, ಕೊಡುವವರು ಬಂದು ಸುರಿದು ಹೋಗುವಂತೆ ಮಾಡಿದರು. ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಮಾತ್ರ ಬರೆದರು. ಕಾಳು ಕಡಿಮೆಯಾಗಲಿಲ್ಲ. ಕೂಲಿಯವರು ತಾವೇ ಮುಂದೆ ಬಂದು ಒಂದು ಭಾನುವಾರ ತೋಟದ ಮಡಿ ಅಗೆದುಕೊಟ್ಟರು. ನಾಲ್ವರಲ್ಲಿ ಮೂವರು ಮಕ್ಕಳು ಮರಳಿ ಬಂದರು. ನಾಲ್ಕನೆಯ ಹುಡುಗಿಯ ಮನೆಯವರು ಅಷ್ಟರಲ್ಲಿ ಕಬ್ಬು ಕಡಿಯಲು ಬೇರೆ ತಾಲ್ಲೂಕಿಗೆ ಹೋಗಿಬಿಟ್ಟಿದ್ದರು.

ಆದ್ದರಿಂದ ಒಂದು ನಿಯಮವನ್ನು ಮೊದಲ ದಿನವೇ ಬರೆದಿಡಿ: ಯಾವ ಮನೆಯಿಂದ ಏನು ಬಂತು ಎಂಬುದಕ್ಕೂ ಯಾವ ಮಗುವಿಗೆ ತಿಂಡಿ ಎಂಬುದಕ್ಕೂ ಸಂಬಂಧವಿರಕೂಡದು. ಯಾರಿಗೆ ಇದು ಅತಿ ಅವಶ್ಯವೋ ಅವರೇ ಕೊಡಲಾರದವರು. ಒಂದೇ ಸಾಲು, ಒಂದೇ ಬಗೆಯ ಲೋಟ, ಒಂದೇ ಅಳತೆ. ಜಾತಿಯ ಮಾತಂತೂ ಅಂಗಳದೊಳಗೆ ಬರಲೇಕೂಡದು.

ಮರೆಯಬಾರದ ಇತರ ಸಂಗತಿಗಳು

ಹಣ ಒಬ್ಬರ ಕೈಯಲ್ಲಿ ಇರಕೂಡದು. ಇಬ್ಬರ ರುಜುವಿನ ಬ್ಯಾಂಕ್ ಖಾತೆ ಇರಲಿ, ಅವರಲ್ಲಿ ಒಬ್ಬರು ತಾಯಂದಿರಾಗಿರಲಿ. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದಬೇಕು. ಮಕ್ಕಳಿಂದಲೇ ಕೂಡಿಸಿ ಕಳೆಸಿದರೆ ಅದು ಗಣಿತದ ಪಾಠವೂ ಆಯಿತು.

ಮೂರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಎತ್ತರ ತೂಕ ಬರೆದಿಡಿ. ಬೆಳೆಯ ಇಳುವರಿ ಅಳೆಯುವ ನಾವು ಇದನ್ನು ಅಳೆಯದಿದ್ದರೆ ಹೇಗೆ? ಎರಡು ಸಲ ತೂಕ ಏರದ ಮಗುವನ್ನು ಆರೋಗ್ಯ ಕಾರ್ಯಕರ್ತೆಗೆ ತೋರಿಸಿ. ಹೊಟ್ಟೆಯಲ್ಲಿ ಜಂತುಹುಳುವಿದ್ದರೆ ತಿಂದದ್ದು ಮಗುವಿಗೆ ಹತ್ತುವುದಿಲ್ಲ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನಗಳಲ್ಲಿ ಗುಳಿಗೆ ತಪ್ಪಿಸಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಮಗು ಜೇಬಿನಲ್ಲಿಟ್ಟು ತಂದು ಬಿಸಾಡುತ್ತಿಲ್ಲವೆಂದು ನೋಡಿಕೊಳ್ಳಿ.

ಹೆಣ್ಣು ಮಕ್ಕಳನ್ನು ಈ ಒಂದು ಗಂಟೆ ಮನೆಗೆಲಸದಿಂದ ಬಿಡಿಸಿ. ಪಾತ್ರೆ ಒಂದು ಗಂಟೆ ತಡವಾಗಿ ಬೆಳಗಿದರೆ ನಷ್ಟವಿಲ್ಲ. ಮುಂದೆ ತಾಯಿಯಾಗಬೇಕಾದ ಮೂಳೆ ಗಟ್ಟಿಯಾಗುವ ಕಾಲ ಹೋದರೆ ಮತ್ತೆ ಬಾರದು.

ಎಲ್ಲ ಹಣವೂ ಕೂಡಿದ ಮೇಲೆ ಆರಂಭಿಸೋಣವೆಂದು ಕಾಯಬೇಡಿ. ಮಳೆ ಪೂರ್ತಿ ಬಂದ ಮೇಲೆ ಉಳುತ್ತೇನೆ ಎನ್ನುವವನ ಹೊಲ ಬೀಳು ಬೀಳುತ್ತದೆ. ಮೊದಲು ಒಂದು ತಿಂಗಳು, ವಾರಕ್ಕೆ ಎರಡೇ ಸಂಜೆ, ಹತ್ತು ಮಕ್ಕಳು ಎಂದು ಆರಂಭಿಸಿ. ಐದು ಮನೆಯವರು ಕೂಡಿದರೆ ಇಷ್ಟು ಸಾಧ್ಯ. ನಡೆಯುವ ಕೆಲಸವನ್ನು ತೋರಿಸಿ ಹಣ ಕೇಳುವುದು, ಕಾಗದದ ಮೇಲಿನ ಕೆಲಸಕ್ಕೆ ಕೇಳುವುದಕ್ಕಿಂತ ಸುಲಭ.

ಈ ಸುಗ್ಗಿಯಲ್ಲಿ ರಾಶಿ ಪೂಜೆ ಮಾಡಿ ಮೊದಲ ಮೊರ ತುಂಬುವಾಗ ದಾನಕ್ಕೆಂದು ಒಂದು ಪಾಲು ತೆಗೆಯುವುದು ನಮ್ಮ ಹಿಂದಿನವರ ಪದ್ಧತಿ. ಅದರ ಜೊತೆಗೆ ಇನ್ನೊಂದು ಮೊರವನ್ನು ಶಾಲೆಯ ಡ್ರಮ್ಮಿಗೆ ಎತ್ತಿಡಿ. ಹೆಸರು ಬರೆಸಬೇಡಿ. ಸಾಯಂಕಾಲ ಹೊಲದಿಂದ ಹಿಂದಿರುಗುವಾಗ ಶಾಲೆಯ ಮುಂದೆ ಒಂದು ನಿಮಿಷ ನಿಂತು ನೋಡಿ. ಕೂಗಾಡುತ್ತ ಓಡುವ ಮಕ್ಕಳಲ್ಲಿ ನಿಮ್ಮ ಮಗು ಯಾವುದು, ಪಕ್ಕದ ಮನೆಯದು ಯಾವುದು ಎಂದು ದೂಳಿನಲ್ಲಿ ಗುರುತು ಸಿಗದಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಿರಿ.